ತಾಳಿ ಕಟ್ಟಿ ಕಾಲೇಜಿಗೆ

ಚಿನಕುರಳಿಯಿಂದ ಒಳದಾರಿ ಹಿಡಿದರೆ ಸಿಗುವ ಆ ಊರಿನಲ್ಲಿ ಜವರಯ್ಯನ ಮನೆ ಯಾವುದು ಅಂತ ಕೇಳಿದರೆ ಚಿಕ್ಕ ಮಕ್ಕಳೂ ಬೆರಳು ಮಾಡಿ ತೋರಿಸುತ್ತಾರೆ. ಕಬ್ಬಿನ ಗದ್ದೆ, ಕೊಟ್ಟಿಗೆ ತುಂಬ ಸೀಮೆಹಸು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು. ಮಗ ಚಲುವರಾಜುವಿಗೆ ಮಾತು ಕಮ್ಮಿ, ಕೆಲಸ ಜಾಸ್ತಿ. ಸೊಸೆ ಪ್ರಮೀಳಾ ಬೆಳಗೊಳದ ಹೆಣ್ಣು, ಕಟ್ಟೆಯ ಕಾಲುವೆ ನೀರು ಕುಡಿದು ಬೆಳೆದವಳು. ಇದ್ದೊಬ್ಬಳು ಮೊಮ್ಮಗಳು ದಿವ್ಯ. ಉಣ್ಣುವುದಕ್ಕೆ ಉಡುವುದಕ್ಕೆ ಕೊರತೆಯಿಲ್ಲದ ಇಂಥ ಮನೆಗೆ ಏನು ಕಷ್ಟ ಬಂದೀತು ಅಂತ ನೀವು ಕೇಳಬಹುದು. ಕಷ್ಟ ತಾನಾಗಿ ಬರಲಿಲ್ಲ ಸ್ವಾಮಿ, ಮನೆಯವರೇ ಆರತಿ ಎತ್ತಿ ಒಳಗೆ ಕರೆದುಕೊಂಡರು.

ಪಿಯುಸಿ ಫಲಿತಾಂಶ ಬಂದ ದಿನ ಪ್ರಮೀಳಾ ಒಲೆಯ ಮುಂದೆ ಮುದ್ದೆಗೆ ಹಿಟ್ಟು ತೊಳಸುತ್ತಿದ್ದಳು. ದಿವ್ಯ ಮೊಬೈಲು ಹಿಡಿದುಕೊಂಡು ಓಡಿಬಂದು, "ಅವ್ವಾ, ಡಿಸ್ಟಿಂಕ್ಷನ್ ಬಂದದೆ ಕಣವ್ವಾ!" ಅಂತ ಬೆನ್ನಿಗೆ ಬಿದ್ದಳು. ಹಿಟ್ಟಿನ ಕೋಲು ಕೈಜಾರಿತು. ಬೈಯುವುದಕ್ಕೆ ಬಾಯಿ ತೆರೆದ ಪ್ರಮೀಳಾ ನಕ್ಕುಬಿಟ್ಟಳು. ಆ ಹುಡುಗಿಗೆ ಚಿಕ್ಕಂದಿನಿಂದಲೂ ಗಿಡಮರದ ಹುಚ್ಚು. ಬದುವಿನ ಮೇಲಿನ ಕಳೆಯನ್ನೂ ಕಿತ್ತು ತಂದು ಪುಸ್ತಕದ ನಡುವೆ ಒಣಗಿಸಿ, ಅದರ ಹೆಸರು ಕುಲ ಗೋತ್ರ ಒಪ್ಪಿಸುತ್ತಿದ್ದಳು. ಬಿ.ಎಸ್ಸಿ. ಮಾಡಬೇಕು, ಸಸ್ಯಶಾಸ್ತ್ರ ಓದಬೇಕು, ಮುಂದೆ ಮೇಷ್ಟ್ರಾಗಬೇಕು ಅಂತ ಅವಳ ಆಸೆ. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಅವಳಿಗೆ ಬೇಕಾದ ವಿಷಯವೂ ಇತ್ತು, ಪಕ್ಕದಲ್ಲೇ ಹೆಣ್ಣುಮಕ್ಕಳ ಹಾಸ್ಟೆಲ್ಲೂ ಇತ್ತು.

ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಿದ್ದ ಜವರಯ್ಯ ಅಲ್ಲಿಂದಲೇ ಕೇಳಿಸಿಕೊಂಡ. "ಆಸ್ಟ್ಲಿಗಾ? ಎಣ್ಣೈಕ್ಳು ಆಸ್ಟ್ಲಲ್ಲಿ ಇದ್ದು ಉದ್ಧಾರ ಆದದ್ದು ನಾ ಕಾಣೆ. ಮೊದ್ಲು ಒಂದು ದಾರಿ ಮಾಡ್ಬುಟ್ಟು ಆಮೇಲೆ ಮಿಕ್ಕಿದ್ದು."

ಆ ದಾರಿ ಯಾವುದು ಅಂತ ಪ್ರಮೀಳಾಗೆ ತಿಳಿಯದ್ದೇನಲ್ಲ. ವಾರ ಕಳೆಯುವ ಮೊದಲೇ ಅವಳ ತಾಯಿ ಮಾದಮ್ಮ ಮಗ ತಿಮ್ಮರಾಜುವನ್ನು ಕರೆದುಕೊಂಡು, ಮಡಿಲಲ್ಲಿ ಹೂವು ಹಣ್ಣು ಇಟ್ಟುಕೊಂಡು ಬಂದಿಳಿದಳು. ತಿಮ್ಮರಾಜು ಪ್ರಮೀಳಾಳ ಒಡಹುಟ್ಟಿದ ತಮ್ಮ. ಗದ್ದೆ ಇತ್ತು, ಟ್ರಾಕ್ಟರು ಇತ್ತು, ಕುಡಿತ ಇಸ್ಪೀಟು ಯಾವುದೂ ಇರಲಿಲ್ಲ. ಮೂವತ್ತು ದಾಟಿದರೂ ಹೆಣ್ಣು ಮಾತ್ರ ಸಿಕ್ಕಿರಲಿಲ್ಲ. ಬೇಸಾಯಗಾರ ಅಂದರೆ ಹೆಣ್ಣು ಹೆತ್ತವರು ಮುಖ ತಿರುಗಿಸುವ ಕಾಲ ಇದು. ನಾಗಮಂಗಲದ ಕಡೆಯಿಂದ ಶ್ರೀರಂಗಪಟ್ಟಣದವರೆಗೆ ಅಂಥ ಹುಡುಗರು ಊರೂರಿಗೂ ಇದ್ದಾರೆ. ಅವರ ಸಂಕಟ ಸುಳ್ಳಲ್ಲ. ಹಾಗಂತ ಆ ಸಂಕಟಕ್ಕೆ ಅಕ್ಕನ ಮಗಳನ್ನು ಮದ್ದಾಗಿ ಅರೆದು ಕುಡಿಸುವುದು ಯಾವ ನ್ಯಾಯ?

"ಮನೇಲೇ ಎಣ್ಣು ಮಡಿಕ್ಕಂಡು ಬೀದಿ ಸುತ್ತನೇನವ್ವ ನನ್ನ ಮಗ?" ಮಾದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮಪ್ಪ ಓದ ಮ್ಯಾಕೆ ತವ್ರು ಅಂತ ನಿಂಗೆ ಇರೋನು ಇವ್ನೊಬ್ಬನೇಯ. ಇವ್ನ ಮನೆ ದೀಪ ಆರೋದ್ರೆ ನಿಂಗೆ ಗೌರಿ ಹಬ್ಬಕ್ಕೆ ಬಾಗ್ನ ಯಾರು ಕೊಟ್ಟಾರು?"

ದಿವ್ಯ ಅಡುಗೆಮನೆ ಬಾಗಿಲಲ್ಲಿ ನಿಂತೇ ಹೇಳಿದಳು. "ಅಜ್ಜಿ, ತೀರ ಅತ್ರದ ರಕ್ತದಲ್ಲಿ ಮದ್ವೆ ಆದ್ರೆ ಉಟ್ಟೋ ಮಕ್ಳಿಗೆ ತೊಂದ್ರೆ ಆಗ್ಬೋದು. ನಮ್ಮ ಪುಸ್ತಕದಲ್ಲೇ ಅದೆ."

"ಪುಸ್ತಕ ಬರ್ದೋನು ನಮ್ಮ ನೆಂಟನೇನವ್ವ?" ಜವರಯ್ಯ ಗದರಿದ. "ನಮ್ಮ ಮನೆ ವಿಚಾರ ಅವ್ನಿಗೇನು ಗೊತ್ತು?"

"ನಾನು ನಮ್ಮವ್ವನ ತಮ್ಮನ್ನೇ ಕಟ್ಕಂಡಿದ್ದು," ಮಾದಮ್ಮ ಎದೆ ತಟ್ಟಿಕೊಂಡಳು. "ನಂಗೇನಾಗದೆ? ಗುಂಡುಕಲ್ಲಂಗೆ ಇಲ್ವಾ ನಾನು?"

ಪ್ರಮೀಳಾ ತಲೆ ತಗ್ಗಿಸಿದಳು. ಬೆಳಗೊಳದ ಗದ್ದೆಯ ಕೊನೆಗೆ ಹೊಂಗೆಮರದ ಬುಡದಲ್ಲಿ ಮಣ್ಣುಗುಡ್ಡೆಗಳಿದ್ದದ್ದು ಅವಳಿಗೆ ನೆನಪಿತ್ತು. ಮಾದಮ್ಮ ಹೆತ್ತದ್ದು ಬಹಳ, ಉಳಿದದ್ದು ಪ್ರಮೀಳಾ ಮತ್ತು ತಿಮ್ಮರಾಜು ಇಬ್ಬರೇ. ಒಂದು ಕೂಸು ಹುಟ್ಟುತ್ತಲೇ ಹೋಯಿತು, ಒಂದು ವರ್ಷ ತುಂಬಿದರೂ ಕತ್ತು ನಿಲ್ಲಿಸಲಿಲ್ಲ, ಇನ್ನೊಂದಕ್ಕೆ ಅವ್ವನ ಮುಖವೇ ಕಾಣುತ್ತಿರಲಿಲ್ಲ. ಪ್ರತಿ ಸಲವೂ ಯಾರದೋ ಕಣ್ಣು, ಯಾವುದೋ ದೇವರ ಮುನಿಸು ಅಂತ ಹರಕೆ ಕಟ್ಟಿದರು. ಒಂದೇ ಮನೆಯೊಳಗೆ ಕೊಟ್ಟು ತಂದು ಮಾಡಿದ್ದರ ಫಲ ಇದು ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ.

ಕಾಲೇಜಿನವರು ಸೇರಬೇಕೆಂದಿರುವ ಮಕ್ಕಳಿಗೂ ಹೆತ್ತವರಿಗೂ ಒಂದು ದಿನ ಮಾಹಿತಿ ಸಭೆ ಇಟ್ಟುಕೊಂಡಿದ್ದರು. ದಿವ್ಯ ಎರಡು ದಿನ ಊಟ ಬಿಟ್ಟು ಹಟ ಹಿಡಿದದ್ದಕ್ಕೆ, ನೋಡಿಕೊಂಡಾದರೂ ಬರೋಣ ಅಂತ ಎಲ್ಲರೂ ಹೊರಟರು. ಕಾರು ಓಡಿಸಿದವನು ತಿಮ್ಮರಾಜು.

ಸಭೆಯೋ, ದೇವರೇ ಕಾಪಾಡಬೇಕು! ಸುತ್ತಲ ಹಳ್ಳಿಗಳ ಅಪ್ಪ ಅಮ್ಮಂದಿರು ಕಿಕ್ಕಿರಿದಿದ್ದರು. ಗಂಡುಮಕ್ಕಳ ಕಡೆಯವರು ಕೇಳಿದ್ದು ಬಸ್ಸಿನ ಪಾಸು, ಆಟದ ಮೈದಾನ, ಮುಂದೆ ಸಿಗುವ ಕೆಲಸ. ಹೆಣ್ಣುಮಕ್ಕಳ ಕಡೆಯವರ ಪ್ರಶ್ನೆಯೇ ಬೇರೆ.

"ಆಸ್ಟ್ಲು ಗೇಟು ಎಷ್ಟೊತ್ತಿಗೆ ಆಕ್ತೀರಾ? ಬೀಗ ಯಾರ ತಾವ ಇರ್ತದೆ?"

"ಗಂಡೈಕ್ಳೂ ಎಣ್ಣೈಕ್ಳೂ ಒಂದೇ ರೂಮಲ್ಲಿ ಕುಂತ್ಕತ್ತಾರಾ?"

"ಟೂರು ಗೀರು ಅಂತ ಕರ್ಕಂಡೋದ್ರೆ ನಮ್ಮುಡ್ಗೀನ ಬುಟ್ಬುಡಿ ಮೇಡಮ್ಮೋರೆ, ಅವ್ಳು ಬರಾಕಿಲ್ಲ."

ಉತ್ತರ ಹೇಳುತ್ತಿದ್ದವರು ಲತ ಎಂಬ ಉಪನ್ಯಾಸಕಿ, ನಡುವಯಸ್ಸಿನವರು. ಒಬ್ಬೊಬ್ಬರಿಗೂ ಬೇಸರಿಸದೆ ಹೇಳುತ್ತಿದ್ದರು. ಕೊನೆಗೆ ಜವರಯ್ಯ ಎದ್ದು ನಿಂತು, ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡ.

"ಮದ್ವೆ ಆಗಿರೋ ಎಣ್ಣೈಕ್ಳುನ್ನ ಸೇರುಸ್ಕತ್ತೀರಾ?"

"ಸೇರಿಸ್ಕೋತೀವಿ ಯಜಮಾನ್ರೆ. ಯಾವ ಹುಡುಗಿಗೂ ಇಲ್ಲಿ ಬಾಗಿಲು ಹಾಕೋದಿಲ್ಲ. ಆದ್ರೆ..."

ಆ 'ಆದ್ರೆ'ಯ ಮುಂದಿನದನ್ನು ಕೇಳಿಸಿಕೊಳ್ಳಲು ಜವರಯ್ಯನಿಗೆ ವ್ಯವಧಾನವಿರಲಿಲ್ಲ. "ಇನ್ನೇನು ಮತ್ತೆ? ತಾಳಿ ಕಟ್ಸಿ ಕಾಲೇಜಿಗೆ ಕಳ್ಸೋದು. ಕತ್ನಲ್ಲಿ ಅದು ಇದ್ರೆ ಯಾವನೂ ತಿರ್ಗಿ ನೋಡಾಕಿಲ್ಲ. ಅವ್ಳ ಓದೂ ಆಯ್ತದೆ, ನಮ್ಮ ಮರ್ವಾದಿನೂ ಉಳೀತದೆ," ಅಂತ ದೊಡ್ಡದಾಗಿ ತೀರ್ಪು ಕೊಟ್ಟ. ಅಕ್ಕಪಕ್ಕ ಕುಳಿತಿದ್ದವರು ಹೌದು ಹೌದು ಅಂತ ತಲೆದೂಗಿದರು. ಒಳ್ಳೆಯ ಉಪಾಯ ಸಿಕ್ಕಿತು ಅಂತ ಅವರಿಗೂ ಸಮಾಧಾನ.

ಸಭೆ ಮುಗಿದ ಮೇಲೆ ಲತ ಮೇಡಂ ಪ್ರಮೀಳಾಳನ್ನು ಹುಡುಕಿಕೊಂಡು ಬಂದರು.

"ಹುಡುಗ ಯಾರಮ್ಮ?"

"ನನ್ನ ತಮ್ಮನೇಯ ಮೇಡಂ."

"ನೋಡಿಯಮ್ಮ, ಪ್ರತಿ ವರ್ಷ ಕಾಲುಂಗುರ ಹಾಕ್ಕೊಂಡು ಒಂದಷ್ಟು ಹುಡುಗಿಯರು ಬಂದು ಸೇರ್ತಾರೆ. ದೀಪಾವಳಿ ಹೊತ್ತಿಗೆ ಅವರ ಬೆಂಚು ಖಾಲಿ. ಫೋನ್ ಮಾಡಿದ್ರೆ, ಬಸುರಿ ಅಂತಾರೆ, ಅತ್ತೆಗೆ ಹುಷಾರಿಲ್ಲ ಅಂತಾರೆ. ಅದೊಂದು. ಇನ್ನೊಂದು, ನಿಮ್ಮ ತಮ್ಮ ಅಂದ್ರೆ ನಿಮ್ಮ ರಕ್ತ, ನಿಮ್ಮ ಮಗಳ ರಕ್ತ. ನಿಮ್ಮ ಕಡೆ ಮಕ್ಕಳು ಹೋಗಿದ್ದುಂಟಾ?"

ಪ್ರಮೀಳಾಗೆ ಹೊಂಗೆಮರದ ಬುಡ ಕಣ್ಣಿಗೆ ಕಟ್ಟಿತು. "ಅದೆಲ್ಲ ಆ ಕಾಲದ್ದು ಮೇಡಂ," ಅಂದುಬಿಟ್ಟಳು.

"ರಕ್ತಕ್ಕೆ ಆ ಕಾಲ ಈ ಕಾಲ ಅಂತ ಇಲ್ಲಮ್ಮ. ನೀವು ಒಂದು ಸಲ ಬೇಡ ಅಂದ್ರೆ ಸಾಕು."

"ಬ್ಯಾಡ ಅಂದ್ರೆ ಓದೂ ಇಲ್ಲ ಮೇಡಂ. ಮನೇಲೇ ಕೂರ್ಸ್ಬುಡ್ತಾರೆ. ಇಂಗಾದ್ರೂ ಓದ್ತಾಳೆ ಬುಡಿ."

ಅಲ್ಲೇ ಪ್ರಮೀಳಾ ತಪ್ಪಿದಳು. ಮಗಳ ಓದು ಉಳಿಸುತ್ತಿದ್ದೇನೆ ಅಂತಲೇ ಅವಳು ನಂಬಿದ್ದಳು, ತವರೂ ಉಳಿಯುತ್ತದೆ ಅಂತ ಒಳಗೊಳಗೇ ಹಗುರವೂ ಆದಳು. ಲತ ಮೇಡಂ ಕೊನೆಗೆ ದಿವ್ಯಳ ಕಡೆ ತಿರುಗಿ, "ನಿನಗೇನಾದರೂ ಕೇಳೋದಿದೆಯೇನಮ್ಮ?" ಅಂದರು. ಬೆಳಗಿನಿಂದ ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

"ಲೈಬ್ರರಿ ಎಷ್ಟೊತ್ತಿನವರ್ಗೂ ತೆಗ್ದಿರ್ತದೆ ಮಿಸ್?" ಅಂದಳು ಹುಡುಗಿ.

ಆಷಾಢ ಹುಟ್ಟುವ ಮೊದಲೇ ಮದುವೆ ಆಗಿಹೋಯಿತು. ಹುಡುಗಿಗೆ ಹದಿನೆಂಟು ತುಂಬಿತ್ತು, ಪೊಲೀಸರ ಭಯವಿರಲಿಲ್ಲ. ಕೂಸಾಗಿದ್ದಾಗ ಸೋದರಮಾವನ ತೊಡೆಯ ಮೇಲೆ ಕೂರಿಸಿ ಕಿವಿ ಚುಚ್ಚಿಸಿದ್ದರಲ್ಲ, ಅದೇ ಮಾವನ ಪಕ್ಕದಲ್ಲಿ ಹಸೆಮಣೆ ಮೇಲೆ ಕೂರಿಸಿದರು. ತಿಮ್ಮರಾಜು ಕೆಟ್ಟವನಲ್ಲ. ತಾಳಿ ಕಟ್ಟುವಾಗ ಹುಡುಗಿಯ ಮುಖ ನೋಡುವುದಕ್ಕೆ ಅವನಿಗೂ ಆಗಲಿಲ್ಲ. ದಿವ್ಯ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಹೆಣ್ಣು ಅಂದಮೇಲೆ ಅಳುತ್ತಾಳೆ ಅಂತ ನೆಂಟರು ಪಾಯಸಕ್ಕೆ ಕುಳಿತರು.

ಹೊಸ ಸೊಸೆ ಅತ್ತೆಯ ಜೊತೆ ಒಂದೇ ಹೊಸಿಲಲ್ಲಿ ಆಷಾಢ ಕಳೆಯಬಾರದಲ್ಲ, ದಿವ್ಯ ತಾಯಿಮನೆಗೆ ವಾಪಸ್ಸು ಬಂದಳು. ಅಷ್ಟರಲ್ಲಿ ತರಗತಿ ಶುರುವಾಯಿತು. ಅರಿಶಿನದ ದಾರವನ್ನು ಚೂಡಿದಾರದ ಕತ್ತಿನೊಳಗೆ ಮುಚ್ಚಿಕೊಂಡು, ಬೆಳಗಿನ ಬಸ್ಸು ಹತ್ತಿ ಕೆ.ಆರ್. ಪೇಟೆಗೆ ಹೋಗಿ ಬರುತ್ತಿದ್ದಳು. ಸಂಜೆ ಅವ್ವನ ಹಿಂದೆ ಕೊಟ್ಟಿಗೆಗೆ ಬಂದು ನಿಂತು, ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ಹೇಗೆ ಇಟ್ಟಿಗೆ ಗೋಡೆಯ ಹಾಗೆ ಕಾಣುತ್ತದೆ ಅಂತ ಕೈ ಆಡಿಸಿ ಹೇಳುತ್ತಿದ್ದಳು. ಪ್ರಮೀಳಾ ಹಾಲು ಕರೆಯುತ್ತಾ ಕೇಳುತ್ತಿದ್ದಳು. ನೋಡಿ, ನಾನು ಮಾಡಿದ್ದೇ ಸರಿ ಅಂತ ಅಂದುಕೊಳ್ಳುತ್ತಿದ್ದಳು. ಅಯ್ಯೋ, ಆಷಾಢಕ್ಕೆ ಎಷ್ಟು ಆಯಸ್ಸು!

ಶ್ರಾವಣ ಬಂತು, ದಿವ್ಯ ಬೆಳಗೊಳಕ್ಕೆ ಹೋದಳು. ಅಲ್ಲಿಂದ ಕಾಲೇಜಿಗೆ ಬಸ್ಸು ಬದಲಾಯಿಸಿಕೊಂಡು ಹೋಗಬೇಕು. ಹಾಸ್ಟೆಲ್ಲಿನ ಮಾತೆತ್ತಿದರೆ ಮಾದಮ್ಮ, "ಕಟ್ಕಂಡೋಳು ಗಂಡನ್ನ ಬುಟ್ಟು ಆಸ್ಟ್ಲಲ್ಲಿದ್ರೆ ಊರೋರು ನನ್ನ ಮಕಕ್ಕೆ ಉಗುದಾರು," ಅಂದಳು. ಕೆಲವು ದಿನ ತಿಮ್ಮರಾಜು ಬೈಕಿನಲ್ಲಿ ಬಸ್ಸಿಗೆ ಬಿಟ್ಟ. ಆಮೇಲೆ ನಾಟಿ ಕೆಲಸ ಬಂತು, ಆಳುಗಳಿಗೆ ಬುತ್ತಿ ಕಟ್ಟುವುದು ಬಂತು, ಅತ್ತೆಗೆ ಮಂಡಿನೋವು ಬಂತು. ಇವತ್ತು ಬೇಡ, ನಾಳೆ ಹೋಗುವಿಯಂತೆ. ನಾಳೆಯೂ ಅದೇ ಮಾತು.

ಗೌರಿ ಹಬ್ಬಕ್ಕೆ ಪ್ರಮೀಳಾ ಬಾಗಿನಕ್ಕೆಂದು ತವರಿಗೆ ಹೋದಾಗ ಮಗಳು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಕಣ್ಣು ಗುಳಿ ಬಿದ್ದಿತ್ತು. ಪುಸ್ತಕಗಳು ಅಟ್ಟ ಸೇರಿದ್ದವು.

"ಅವ್ವ, ನನ್ನ ಕರ್ಕಂಡೋಗು. ನಂಗಿಲ್ಲಿ ಆಗಾಕಿಲ್ಲ."

"ಯಾಕ್ ಮಗ, ಮಾವ ಒಡೀತಾನಾ?"

"ಒಡ್ಯಾಕಿಲ್ಲ. ನಾನು ಅವ್ನ ಮಾವ ಅಂತ್ಲೇ ಕರ್ಕಂಡು ಬೆಳ್ದೆ ಕಣವ್ವ. ಅವ್ನ ಪಕ್ಕ ಮಲಗದು ಎಂಗೆ ಅಂತ ನಿಂಗೆ ಗೊತ್ತಾಗಾಕಿಲ್ವಾ?"

ಒಳಗೆ ಮಾದಮ್ಮ ಮೊರದಲ್ಲಿ ಬಳೆ ಬಿಚ್ಚೋಲೆ, ಹೊಸ ರವಿಕೆ ಕಣ ಜೋಡಿಸುತ್ತಿದ್ದಳು. ಆ ಮೊರ ಹಿಡಿದುಕೊಳ್ಳಬೇಕಾದ ಕೈಯಿಂದಲೇ ಮಗಳ ಕೈ ಹಿಡಿದು ಹೊರಗೆ ನಡೆಯುವುದು ಹೇಗೆ? "ವಸಿ ತಡ್ಕೊ ಮಗ, ಹೊಂದ್ಕಂಡೋಯ್ತದೆ," ಅಂದಳು ಪ್ರಮೀಳಾ. ಬಾಗಿನ ತೆಗೆದುಕೊಂಡಳು, ತಾಯಿಗೆ ನಮಸ್ಕಾರ ಮಾಡಿದಳು, ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮೊರ ತೊಡೆಯ ಮೇಲೆ ಭಾರವಾಗಿ ಕುಳಿತಿತ್ತು.

ದೀಪಾವಳಿ ಹೊತ್ತಿಗೆ ದಿವ್ಯ ಬಸುರಿ. ಬಸ್ಸಿನ ಕುಲುಕಾಟ ಆಗದು ಅಂತ ಕಾಲೇಜು ಪೂರ್ತಿ ನಿಂತಿತು. ಲತ ಮೇಡಂ ಫೋನ್ ಮಾಡಿದರೆ ಮಾದಮ್ಮನೇ ಎತ್ತಿ, "ಇನ್ನೇನ್ ಓದ್ತಾಳೆ ಬುಡಿ ಮೇಡಮ್ಮೋರೆ, ಸಿಹಿ ಸುದ್ದಿ," ಅಂತ ನಕ್ಕಳಂತೆ.

ವೈಶಾಖದ ಉರಿಬಿಸಿಲಲ್ಲಿ ಮೈಸೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಗಂಡುಕೂಸು. ಉಸಿರಾಡುವುದಕ್ಕೇ ಅದಕ್ಕೆ ಬಲವಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು, ಕೈಕಾಲು ಅಲ್ಲಾಡುತ್ತಿರಲಿಲ್ಲ. ಡಾಕ್ಟರಮ್ಮ ಹೊರಗೆ ಬಂದು, "ಸಂಬಂಧದಲ್ಲಿ ಮಾಡಿದ ಮದುವೆನಾ?" ಅಂದರು. ಕೊನೆಗೆ ತಿಮ್ಮರಾಜುವೇ, "ಅಕ್ಕನ ಮಗ್ಳು ಮೇಡಂ," ಅಂದ. "ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗೇ ಆಗಿತ್ತಾ?" ಅಂತ ಅವರು ಮತ್ತೆ ಕೇಳಿದರು. ಮಾದಮ್ಮ ಗೋಡೆಯ ಕಡೆ ತಿರುಗಿ ಕುಳಿತಳು. "ಎಲ್ಲರಿಗೂ ಹೀಗಾಗುತ್ತೆ ಅಂತಲ್ಲ. ಆದರೆ ತಲೆಮಾರಿನಿಂದ ತಲೆಮಾರಿಗೆ ಒಳಗೊಳಗೇ ಮಾಡ್ತಾ ಹೋದರೆ ರೋಗವೂ ಮನೆಯಲ್ಲೇ ಉಳಿದುಕೊಳ್ಳುತ್ತೆ," ಅಂದು ಡಾಕ್ಟರಮ್ಮ ಒಳಗೆ ಹೋದರು.

ಮಾರನೇ ದಿನ ಕೂಸು ಹೋಯಿತು. ಬಿಳಿಬಟ್ಟೆಯಲ್ಲಿ ಸುತ್ತಿ ಕೊಟ್ಟದ್ದನ್ನು ತಿಮ್ಮರಾಜು ಎದೆಗವಚಿಕೊಂಡು ಹೊಂಗೆಮರದ ಬುಡಕ್ಕೆ ಒಯ್ದ. ಗುದ್ದಲಿ ಹಿಡಿದವನಿಗೆ ಅಗೆಯಲಾಗದೆ ಅಲ್ಲೇ ಕುಸಿದು ಕುಳಿತನಂತೆ. ಆಮೇಲೆ ಬೇರೆ ಯಾರೋ ಅಗೆದರು.

ಬಾಣಂತನಕ್ಕೆ ದಿವ್ಯ ಪ್ರಮೀಳಾಳ ಮನೆಗೆ ಬಂದಳು. ಕುಡಿಯುವ ಕೂಸಿಲ್ಲದೆ ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂತು. ಪ್ರಮೀಳಾ ಮಲ್ಲಿಗೆ ಮೊಗ್ಗು ತಂದು ಮಗಳ ಎದೆಗೆ ಕಟ್ಟಿದಳು, ಹಾಲು ಇಂಗಲಿ ಅಂತ. ಮುಡಿಯುವ ವಯಸ್ಸಿನಲ್ಲಿ ಹೂವು ಯಾವ ಕೆಲಸಕ್ಕೆ ಬಂತು ಅಂತ ಅವಳಿಗೆ ಕರುಳು ಹಿಂಡಿತು. ಹುಡುಗಿ ಅಳುತ್ತಿರಲಿಲ್ಲ, ಮಾತಾಡುತ್ತಲೂ ಇರಲಿಲ್ಲ. ಅಂಗಳದ ಗಿಡಗಳನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಕರೆದರೆ 'ಊಂ' ಅನ್ನುತ್ತಿದ್ದಳು, ಅಷ್ಟೇ.

ಒಂದು ಮಧ್ಯಾಹ್ನ ಪ್ರಮೀಳಾ ಕೊಟ್ಟಿಗೆಯ ಹಿಂದೆ ನಿಂತು ಲತ ಮೇಡಮ್ಮಿಗೆ ಫೋನ್ ಮಾಡಿದಳು.

"ಮೇಡಂ, ಅರ್ಧಕ್ಕೆ ಬುಟ್ಟೋಳ್ನ ತಿರ್ಗಾ ಸೇರುಸ್ಕತ್ತೀರಾ?"

"ಈಗ ಪ್ರವೇಶ ನಡೀತಾ ಇದೆ, ಕರ್ಕೊಂಡು ಬನ್ನಿ. ಮೊದಲನೇ ವರ್ಷದಿಂದ ಶುರು ಮಾಡಬೇಕು ಅಷ್ಟೇ."

"ಆಸ್ಟ್ಲು?"

"ಅದೂ ಸಿಗುತ್ತೆ. ಆದ್ರೆ ಮನೆಯವರು ಕಳಿಸ್ತಾರಾ ಅಮ್ಮ?"

ಫೋನಿಟ್ಟ ಮೇಲೂ ಆ ಪ್ರಶ್ನೆ ಪ್ರಮೀಳಾಳನ್ನು ಬಿಡಲಿಲ್ಲ. ಮನೆಯವರು ಅಂದರೆ ಯಾರು? ನಾನಲ್ಲವೇ?

ಮತ್ತೆ ಆಷಾಢ ಹತ್ತಿರ ಬಂದಾಗ ಮಾದಮ್ಮ ಮಗನ ಜೊತೆ ಬಂದಳು. ಕಾರಿಂದ ಇಳಿಯುತ್ತಲೇ, "ಉಡ್ಗಿನ ಹೊರಡ್ಸವ್ವ. ಕೂಸಿಲ್ದಿರೋ ಬಾಣಂತಿಗೆ ತಿಂಗಳುಗಟ್ಲೆ ಏನು ಆರೈಕೆ? ಮೊದಲ್ನೇದು ಓಯ್ತು, ಇನ್ನೊಂದು ಆಯ್ತದೆ. ಮನೆದೇವ್ರಿಗೆ ಹರ್ಕೆ ಕಟ್ಟಿವ್ನಿ," ಅಂದಳು.

ದಿವ್ಯ ಒಳಗೆ ಕಂಬಕ್ಕೊರಗಿ ಕುಳಿತಿದ್ದಳು. ಅಜ್ಜಿಯ ದನಿ ಕೇಳಿ ಎದ್ದಳು. ಗೂಟದ ಮೇಲಿದ್ದ ಸೀರೆ ತೆಗೆದು ಚೀಲಕ್ಕೆ ಮಡಿಚಿಡತೊಡಗಿದಳು. ಅವಳು ಅತ್ತಿದ್ದರೆ, ಒಲ್ಲೆ ಅಂತ ಕೂಗಿದ್ದರೆ ಪ್ರಮೀಳಾ ಇನ್ನೊಮ್ಮೆ ವಸಿ ತಡ್ಕೊ ಅಂತಿದ್ದಳೋ ಏನೋ. ಕರೆದ ಕೂಡಲೇ ಎದ್ದು ಹೊರಟ ಆ ಮಗಳನ್ನು ಕಂಡು ಅವಳಿಗೆ ಜೀವ ಹಾರಿಹೋದಂತಾಯಿತು. ಒಳಗೆ ಹೋಗಿ ಚೀಲ ಕಿತ್ತುಕೊಂಡು, ಹೊಸಿಲಿಗೆ ಬಂದು ನಿಂತಳು.

"ಅವ್ವ, ದಿವ್ಯ ಬರಾಕಿಲ್ಲ. ನಾಳಿಕೆ ಕಾಲೇಜಿಗೆ ಸೇರುಸ್ತೀನಿ. ಆಸ್ಟ್ಲಲ್ಲಿ ಇರ್ತಾಳೆ."

"ಏನಂದೆ?"

"ಹೊಂಗೆಮರದ ಬುಡದಲ್ಲಿ ಜಾಗ ಇಲ್ಲ ಕಣವ್ವ. ನಿನ್ನವು ಮಲಗ್ಯವೆ, ಇವ್ಳದೂ ಮಲಗ್ಯದೆ. ಸಾಕು."

ಜವರಯ್ಯ ಜಗಲಿಯಿಂದ ಎದ್ದು, "ಕುಲ ಕೆಡ್ಸಕ್ಕೆ ಉಟ್ಟವ್ಳೆ ಇವ್ಳು! ಕಟ್ಕೊಟ್ಟ ಎಣ್ಣುನ್ನ ಮನೇಲಿ ಇಕ್ಕಂಡು ನಾಳಿಕೆ ನಾನು ಊರಲ್ಲಿ ಎಂಗ್ಲಾ ತಲೆ ಎತ್ಲಿ? ಚಲುವ, ಯೋಳ್ಲಾ ನಿನ್ನ ಎಡ್ತಿಗೆ!" ಅಂತ ಅಬ್ಬರಿಸಿದ.

ಹಾಲಿನ ಕ್ಯಾನು ತೊಳೆಯುತ್ತಿದ್ದ ಚಲುವರಾಜು ತಲೆ ಎತ್ತಲಿಲ್ಲ. "ಅವ್ಳು ಯೋಳಿದ್ದೇ ಸರಿ ಕಣಪ್ಪ," ಅಂದ. ಅವನು ಅಪ್ಪನಿಗೆ ಎದುರು ಮಾತಾಡಿದ್ದು ಯಾರೂ ಕಂಡಿರಲಿಲ್ಲ.

ಪ್ರಮೀಳಾ ತಮ್ಮನ ಕಡೆ ತಿರುಗಿದಳು. "ತಿಮ್ಮ, ನಿನ್ನ ನಾನೇ ಎತ್ತಾಡ್ಸಿ ಬೆಳಸ್ದೋಳು. ನಿನ್ನ ಮ್ಯಾಲೆ ನಂಗೆ ಸಿಟ್ಟಿಲ್ಲ ಕಣ್ಲಾ. ನೀನೇ ಯೋಳು, ಇವ್ಳ್ನ ಕರ್ಕಂಡೋಗ್ತೀಯಾ?"

ತಿಮ್ಮರಾಜು ಬಾಗಿಲೊಳಗೆ ನಿಂತಿದ್ದ ದಿವ್ಯಳನ್ನು ನೋಡಿದ. ಅವನ ಕಣ್ಣು ತುಂಬಿ ಬಂತು. ಒಬ್ಬನೇ ಹೋಗಿ ಕಾರಿನಲ್ಲಿ ಕುಳಿತುಕೊಂಡ.

ಆಗ ಮಾದಮ್ಮನ ಸಂಕಟವೆಲ್ಲ ಸಿಟ್ಟಾಗಿ ಒಡೆಯಿತು. ಸೆರಗು ಜಾರಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಬೀದಿಯವರೆಲ್ಲ ಕೇಳುವ ಹಾಗೆ ಕೂಗಿದಳು: "ಕೇಳ್ಕ ಪ್ರಮೀಳ! ನನ್ನ ಮಗನ ಮನೆ ಮುರ್ದೋಳು ನನ್ನ ಹೊಸ್ಲು ತುಳೀಬ್ಯಾಡ. ಇವತ್ತಿಂದ ನಿಂಗೆ ತವ್ರು ಇಲ್ಲ. ನಾ ಸತ್ರೂ ಮಣ್ಣಿಗೆ ಬರ್ಬ್ಯಾಡ!"

ಪ್ರಮೀಳಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕಣ್ಣೀರು ದಳದಳ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಆಯ್ತು ಬುಡವ್ವ," ಅಂದಳು. "ನಂಗೆ ತವ್ರು ಇಲ್ದೋದ್ರೆ ಇಲ್ದೇ ಓಗ್ಲಿ. ನನ್ನ ಮಗ್ಳಿಗೆ ಅದೆ."